ಅವರವರ ಸಾ

ಹೋದ ತಿಂಗಳು ಒಬ್ಬ ಹುಡುಗಿ ನನ್ನನ್ನು ಹುಡುಕಿಕೊಂಡು ಅಗಡಿ ಊರಿನ ನಮ್ಮ ಮನೆಗೆ ಬಂದಿದ್ದಳು. ಸಂಗೀತ ಶಿಕ್ಷಕಿಯಾಗಿ ಅದೇ ತಾನೇ ಕೆಲಸಕ್ಕೆ ಸೇರಿದವಳು. ಕುಳಿತ ಕೂಡಲೇ ಚೀಲದಿಂದ ನೋಟುಪುಸ್ತಕ ತೆಗೆದು, "ಅಕ್ಕೋರ, ಮೊದಲನೇ ದಿನ ಏನ್ ಕಲಸ್ಲಿರಿ?" ಎಂದು ಕೇಳಿದಳು. ಚಹಾ ಇಡುವ ನೆಪದಲ್ಲಿ ಒಳಗೆ ಹೋದೆ. ಹಾಲು ಉಕ್ಕಿ ಬರುವವರೆಗೆ ಯೋಚಿಸಿದೆ. ಹೊರಗೆ ಬಂದು, "ಮೊದಲನೇ ದಿನ ಏನೂ ಕಲಸಬ್ಯಾಡವಾ. ಅವರು ಮಾತಾಡೂದು ಕೇಳು" ಎಂದೆ. ಅವಳು ಅದನ್ನೇ ಬರೆದುಕೊಂಡಳು. ಮುಖದಲ್ಲಿ ಮಾತ್ರ ನಿರಾಶೆ ಕಾಣುತ್ತಿತ್ತು. ಅಷ್ಟು ದೂರದಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದವಳಿಗೆ ಇಷ್ಟೇ ಹೇಳಿ ಕಳಿಸಿದ್ದು ನನಗೂ ಸರಿ ಕಾಣಲಿಲ್ಲ. ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಾವೇರಿಯ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ನಾನು ಸಂಗೀತ ಕಲಿಸಿದೆ. ಭಾನುವಾರಗಳಲ್ಲಿ ರಾಣೇಬೆನ್ನೂರಿನ ಒಂದು ಖಾಸಗಿ ಕ್ಲಾಸಿಗೆ ಹೋಗುತ್ತಿದ್ದೆ, ಕೊನೆಕೊನೆಗೆ ಬ್ಯಾಡಗಿಗೂ ಹೋದೆ. ಯಾವ ವರ್ಷ ಕೆಲಸ ಖಾಯಂ ಆಯಿತು, ಯಾವ ವರ್ಷ ಬಡ್ತಿ ಬಂತು ಎನ್ನುವುದೆಲ್ಲ ಸೇವಾಪುಸ್ತಕದಲ್ಲಿದೆ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾದ್ದಿಲ್ಲ. ನನ್ನ ಮುಂದೆ ಕುಳಿತವರಲ್ಲಿ ಹೆಚ್ಚಿನವರು ದೊಡ್ಡ ಹಾಡುಗಾರರಾಗಲು ಬಂದವರೂ ಅಲ್ಲ. ವೇಳಾಪಟ್ಟಿಯಲ್ಲಿ ಸಂಗೀತ ಎಂದು ಬರೆದಿತ್ತು, ಬಂದು ಕುಳಿತರು. ಸರಿಯಾಗಿ ಹಾಡಿ ಗೊತ್ತಿಲ್ಲದ, ಹಾಡಲು ನಾಚುವ, ನಾಚಿಕೆ ಬಿಟ್ಟ ಮೇಲೆ ಕಿರುಚುವ ಗಂಟಲುಗಳು. ನನ್ನ ಆಯುಷ್ಯ ಅವುಗಳ ಜೊತೆಯಲ್ಲಿ ಕಳೆಯಿತು. ಬೇರೆ ಕೆಲಸದಲ್ಲಿ ಇಷ್ಟು ಕಲಿಯುತ್ತಿದ್ದೆನೆಂದು ಅನ್ನಿಸುವುದಿಲ್ಲ.

ಕೆಲಸಕ್ಕೆ ಸೇರಿದಾಗ ನಮ್ಮ ಮುಖ್ಯೋಪಾಧ್ಯಾಯಿನಿ ನನಗೆ ಕೊಟ್ಟ ಆದೇಶ ಒಂದೇ. "ನೋಡ್ರಿ, ಮುಂಜಾನಿ ಪ್ರಾರ್ಥನಾ ಬಸ್ ಸ್ಟ್ಯಾಂಡಿಗೆ ಕೇಳಬೇಕು." ಅವರು ಒಳ್ಳೆಯ ಆಡಳಿತಗಾರ್ತಿ. ಶಾಲೆಯ ಅಂಗಳದಲ್ಲಿ ಒಂದು ಕಾಗದದ ಚೂರು ಬಿದ್ದಿರಗೊಡುತ್ತಿರಲಿಲ್ಲ. ಆದರೆ ಹಾಡು ಎಂದರೆ ಅವರ ಲೆಕ್ಕದಲ್ಲಿ ಸದ್ದು. ನಾನೂ ಆಗ ಇಪ್ಪತ್ತಾರರ ಹುಮ್ಮಸ್ಸಿನವಳು, ಪರೀಕ್ಷೆಗಳನ್ನೆಲ್ಲ ಮೊದಲ ದರ್ಜೆಯಲ್ಲಿ ಪಾಸು ಮಾಡಿದವಳು. ಹಾರ್ಮೋನಿಯಮ್ಮಿನ ಕಪ್ಪು ಐದನೇ ಪಟ್ಟಿಯನ್ನು ಒತ್ತಿ ಸಾ ಹಿಡಿಸಿದೆ. ಸಾ ಎಂದರೆ ಹಾಡಿಗೆ ನೆಲವಾಗುವ ಮೊದಲ ಸ್ವರ. ಉಳಿದ ಸ್ವರಗಳೆಲ್ಲ ಅದರ ಮೇಲೆ ನಿಲ್ಲುತ್ತವೆ. ಕಪ್ಪು ಐದು ನನ್ನ ಸಾ. ನನ್ನದಾದ ಮೇಲೆ ಇಡೀ ಶಾಲೆಯದೂ ಅದೇ ಎಂದುಕೊಂಡಿದ್ದೆ.

ಪ್ರಾರ್ಥನೆಯಲ್ಲಿ ಮೇಲಿನ ಸ್ವರ ಬಂದಾಗ ಹುಡುಗಿಯರು ಗದ್ದ ಎತ್ತುತ್ತಿದ್ದರು, ಆಮೇಲೆ ಹೆಗಲು ಎತ್ತುತ್ತಿದ್ದರು, ಕೊನೆಗೆ ಹಿಮ್ಮಡಿಯನ್ನೂ ಎತ್ತುತ್ತಿದ್ದರು. ನೆಲುವಿನ ಮೇಲಿನ ಬೆಲ್ಲದ ಡಬ್ಬಿಗೆ ಕೈ ಚಾಚಿದವರ ಹಾಗೆ ಕಾಣುತ್ತಿತ್ತು. ಅರ್ಧ ಜನ ಅಲ್ಲಿ ಬಾಯಿ ಮಾತ್ರ ಆಡಿಸುತ್ತಿದ್ದರು, ಇನ್ನರ್ಧ ಕೂಗುತ್ತಿದ್ದರು. ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತು. ಮುಖ್ಯೋಪಾಧ್ಯಾಯಿನಿಯವರು ಖುಷಿಯಾಗಿದ್ದರು, ನಾನೂ ಖುಷಿಯಾಗಿದ್ದೆ.

ನನಗೆ ಕಲಿಸುವ ಕೆಲಸ ಕಲಿಸಿದವರು ರಾಣೇಬೆನ್ನೂರಿನ ಗುರುಬಸಪ್ಪ ಮಾಸ್ತರರು. ಬೀಜದ ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ ಹಿಡಿದು ಸಂಗೀತದ ಕ್ಲಾಸು ನಡೆಸುತ್ತಿದ್ದರು. ಕೆಳಗೆ ಹತ್ತಿ, ಜೋಳದ ಬೀಜಕ್ಕೆ ಹಚ್ಚುವ ಔಷಧದ ವಾಸನೆ, ಮೇಲೆ ತಂಬೂರಿ. ಅವರಿಗೆ ಆಗಲೇ ಅರವತ್ತು ದಾಟಿತ್ತು. ಸಣಕಲು ದೇಹ, ದಪ್ಪ ಕನ್ನಡಕ. ಅವರು ಹಾಡಿದ್ದನ್ನು ಕೇಳಿದವರೇ ಇಲ್ಲ ಎಂದು ಊರಿನಲ್ಲಿ ಹೇಳುತ್ತಿದ್ದರು. ಹಾಡದ ಮಾಸ್ತರ ಹಾಡು ಏನು ಕಲಿಸಿಯಾನು ಎಂದು ನನಗೂ ಒಳಗೊಳಗೆ ಅನುಮಾನ.

ಅವರ ಕೈಕೆಳಗೆ ಕಲಿಸಲು ಹೋದ ಮೊದಲ ಭಾನುವಾರ ಒಬ್ಬ ಹೊಸ ಹುಡುಗಿ ಸೇರಲು ಬಂದಳು. ಮಾಸ್ತರರು ಅವಳಿಗೆ ಹಾಡು ಎನ್ನಲೇ ಇಲ್ಲ.

"ನಿಮ್ಮ ಮನಿಗೆ ಹ್ಯಾಂಗ ಬರಬೇಕು? ದಾರಿ ಹೇಳು ನೋಡೂಣು" ಎಂದರು.

ಹುಡುಗಿ ಹೇಳತೊಡಗಿದಳು. ಹಳೇ ಟಾಕೀಸು, ಬಲಕ್ಕೆ ಹೊರಳಿದರೆ ನೀರಿನ ಟಾಕಿ, ಅಲ್ಲಿಂದ ಬೇವಿನ ಗಿಡದ ಮನೆ. ಮಾಸ್ತರರು ತಲೆ ಆಡಿಸುತ್ತ ಹಾರ್ಮೋನಿಯಮ್ಮಿನ ಪಟ್ಟಿಗಳನ್ನು ಮೆಲ್ಲಗೆ ಒಂದೊಂದಾಗಿ ಒತ್ತಿ ಬಿಡುತ್ತಿದ್ದರು. ದಾರಿ ಮುಗಿಯುವ ಹೊತ್ತಿಗೆ ಬೆರಳು ಒಂದು ಕಡೆ ನಿಂತಿತು. ನನ್ನ ಕಡೆ ತಿರುಗಿ ಹೇಳಿದರು:

"ಇಕಿ ಮಾತಿನ ಮನಿ ಇಲ್ಲೈತಿ ನೋಡ್ರಿ. ಇದಕ್ಕ ಹತ್ರಾನ ಸಾ ಇಡ್ರಿ. ಮೂರು ತಿಂಗಳು ಇದರ ಕೆಳಗಿನ ಸ್ವರ ಹಾಡಸ್ರಿ, ಮೆಲ್ಲಕ. ಮ್ಯಾಲಿನ ಸುದ್ದಿ ತಗೀಬ್ಯಾಡ್ರಿ."

"ಮ್ಯಾಲಿನ ಸ್ವರ ಯಾವಾಗ ಕಲೀತಾರ್ರಿ ಮತ್ತ?"

"ಬಾವ್ಯಾಗಿನ ನೀರು ಮ್ಯಾಲ ಬರಬೇಕಂದ್ರ ಕೊಡ ಮೊದಲ ಕೆಳಗ ಇಳೀಬೇಕಲ್ರಿ" ಎಂದು ನಕ್ಕರು.

ನನಗೆ ಅದು ನಾಟಿ ಔಷಧದ ಹಾಗೆ ಕಂಡಿತು. ಎದುರಾಡಲಿಲ್ಲ, ನಂಬಲೂ ಇಲ್ಲ.

ಮುಂದೆ ಕೆಲವು ವರ್ಷಕ್ಕೆ ಹಲಗೇರಿಯ ರೇಣುಕಾ ಕ್ಲಾಸಿಗೆ ಸೇರಿದಳು. ಒಂಬತ್ತನೇ ಇಯತ್ತೆ. ತಾಯಿ ಇಲ್ಲದ ಹುಡುಗಿ. ಅಜ್ಜಿ ನೀಲವ್ವ ಪ್ರತಿ ಭಾನುವಾರ ಕೈ ಹಿಡಿದು ಕರೆತಂದು, ಪಾಠ ಮುಗಿಯುವವರೆಗೆ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರು. ಹೊಲದ ಈ ಬದುವಿನಿಂದ ಆ ಬದುವಿನಲ್ಲಿದ್ದವರನ್ನು ಕರೆದು ಬೆಳೆದ ಗಂಟಲು ಅವಳದು. ತುಂಬಿದ ದನಿ, ತುಸು ಗಡುಸು, ಕೇಳಿದರೆ ಕಿವಿ ತಂತಾನೇ ತಿರುಗಬೇಕು. ಮಾಸ್ತರರು ಅವಳಿಗೂ ಮನೆ ದಾರಿ ಕೇಳಿ ಬಿಳಿ ನಾಲ್ಕರಲ್ಲಿ ಸಾ ಇಟ್ಟರು. ನನ್ನ ಕಪ್ಪು ಐದಕ್ಕಿಂತ ಐದು ಪಟ್ಟಿ ಕೆಳಗೆ.

ಅದೇ ವರ್ಷ ಮಾಸ್ತರರು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಮಗಳ ಊರಿಗೆ ಹೋದರು. ಕ್ಲಾಸು ನನ್ನ ಕೈಗೆ ಬಂತು. ದಸರೆಗೆ ಮುಂಚೆ ಹಾವೇರಿಯಲ್ಲಿ ಮಕ್ಕಳ ಹಾಡಿನ ಸ್ಪರ್ಧೆ ಇತ್ತು. ರೇಣುಕಾಳ ದನಿ ಇನ್ನಷ್ಟು ಮೇಲಿದ್ದರೆ ಹೇಗೆ ಮಿಂಚೀತು ಎಂದು ನನಗೆ ಆಸೆ ಹುಟ್ಟಿತು. ವಾರಕ್ಕೊಂದು ಪಟ್ಟಿಯಂತೆ ಏರಿಸಿದೆ. ಐದು ವಾರದಲ್ಲಿ ಅವಳನ್ನು ನನ್ನ ಪಟ್ಟಿಗೆ ತಂದು ನಿಲ್ಲಿಸಿದೆ. ಹುಡುಗಿ ಮರುಮಾತಿಲ್ಲದೆ ಏರಿದಳು. ಒಮ್ಮೆ ಮಾತ್ರ ಹೇಳಿದಳು:

"ಅಕ್ಕೋರ, ಮುಂಜಾನಿ ಎದ್ದಾಗ ದನಿನಾ ಬರವಲ್ದುರಿ. ಬಿಸಿಲೇರಿದ ಮ್ಯಾಲ ಬರ್ತದ."

"ಸಾಧನಾ ಮಾಡಿದ್ರ ಮೊದಮೊದಲು ಹಂಗ ಆಗ್ತದ. ಅಂಜಬ್ಯಾಡ" ಎಂದೆ.

ಹೊಸ ಹಾಡಿಗೊಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಚಾಳಿಯೂ ಅವಳಿಗೆ ಅಂಟಿತ್ತು. ಅದನ್ನೂ ನೋಡಿದೆ, ಸುಮ್ಮನಿದ್ದೆ. ಈ ಕೆಲಸಕ್ಕೆ ಬರುವವರು ಈ ಎರಡು ಗುರುತುಗಳನ್ನು ಮರೆಯಬೇಡಿ: ಬೆಳಗ್ಗೆ ಏಳದ ದನಿ, ಮೇಲಿಂದ ಮೇಲೆ ಕೆಮ್ಮುವ ಗಂಟಲು. ಅವು ಬಂದ ದಿನ ಪಾಠ ನಿಲ್ಲಿಸಬೇಕು. ನಾನು ನಿಲ್ಲಿಸಲಿಲ್ಲ.

ಸ್ಪರ್ಧೆಯ ದಿನ ರೇಣುಕಾ ಮೊದಲ ಎರಡು ಸಾಲು ಚೆನ್ನಾಗಿಯೇ ಹಾಡಿದಳು. ಮೂರನೆಯ ಸಾಲಿನಲ್ಲಿ ಮೇಲಿನ ಸಾ, ಏಳು ಸ್ವರ ದಾಟಿದ ಮೇಲೆ ಮತ್ತೆ ಬರುವ ಸಾ. ಅದಕ್ಕೆ ಹೋದಾಗ ದನಿ ಹಳೇ ಬಟ್ಟೆ ಹರಿದ ಹಾಗೆ ಎರಡಾಗಿ ಸೀಳಿತು. ಅವಳು ಉಸಿರು ತೆಗೆದುಕೊಂಡು ಮತ್ತೆ ಬಾಯಿ ತೆರೆದಳು. ಈ ಸಲ ಏನೂ ಬರಲಿಲ್ಲ. ಬಾಯಿ ತೆರೆದಿದೆ, ಕುತ್ತಿಗೆಯ ನರ ಎದ್ದಿದೆ, ದನಿ ಇಲ್ಲ. ತಬಲಾದವರು ಇನ್ನೂ ನಾಲ್ಕು ಮಾತ್ರೆ ಬಾರಿಸಿ ನಿಲ್ಲಿಸಿದರು. ಹದಿನಾಲ್ಕರ ಆ ಹುಡುಗಿ ಅಳಲಿಲ್ಲ. ತೀರ್ಪುಗಾರರಿಗೆ ಕೈಮುಗಿದು, ನೆಟ್ಟಗೆ ನಡೆದು ವೇದಿಕೆ ಇಳಿದಳು. ಅವಳ ಆ ನಡಿಗೆ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ದಾವಣಗೆರೆಯ ಗಂಟಲಿನ ಡಾಕ್ಟರರು ನೋಡಿ, ದನಿಯ ಎಳೆಗಳೆರಡರ ಮೇಲೂ ಸಣ್ಣ ಬಾವು ಎದ್ದಿದೆ ಎಂದರು. ಕೊಯ್ಯುವುದು ಬೇಡ, ಮೂರು ವಾರ ಮಾತಿಲ್ಲ, ಪಿಸುಮಾತು ಕೂಡ ಇಲ್ಲ, ಪಿಸುಗುಟ್ಟಿದರೂ ಗಂಟಲಿಗೆ ದಣಿವು. ಅಲ್ಲಿಂದ ಮುಂದೆ ನೋಡೋಣ ಎಂದರು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ನೀಲವ್ವನಿಗೆ ನಾನೇ ಹೇಳಿದೆ. ಬೈಗುಳ ತಿನ್ನಲು ಸಿದ್ಧಳಾಗಿದ್ದೆ. ಅವರು ಬೈಯಲಿಲ್ಲ.

"ಅಕ್ಕೋರ, ಅಳು ಬಂದಾಗೂ ದನಿ ಮಾಡಬಾರದೇನ್ರಿ ಕೂಸು?" ಎಂದು ಕೇಳಿದರು.

ನಾನು ತಲೆ ತಗ್ಗಿಸಿ "ಮಾಡಬಾರದವಾ" ಎಂದೆ.

ನೀಲವ್ವ ಹೇಳಿದರು: "ಒಬ್ಬಾಕೀನಾ ಹ್ಯಾಂಗ ಸುಮ್ನ ಇರ್ತಾಳ್ರಿ ಅಷ್ಟು ದಿನ? ನೀವೂ ಬಂದು ಜೋಡಿ ಕುಂದ್ರಿ."

ದಸರೆಯ ರಜೆ ಶುರುವಾಗಿತ್ತು. ದಿನಾ ಅಗಡಿಯಿಂದ ಹಾವೇರಿ, ರಾಣೇಬೆನ್ನೂರು ದಾಟಿ ಹಲಗೇರಿಗೆ ಹೋಗಿ ಅವರ ಪಡಸಾಲೆಯಲ್ಲಿ ಕುಳಿತೆ. ಹೊಸ್ತಿಲು ದಾಟಿದ ಮೇಲೆ ನಾನೂ ಮಾತಾಡುತ್ತಿರಲಿಲ್ಲ. ತಂಬೂರಿ ಒಯ್ದಿದ್ದೆ, ಅವಳು ನುಡಿಸುತ್ತಿದ್ದಳು, ಇಬ್ಬರೂ ಕೇಳುತ್ತಿದ್ದೆವು. ಮೊದಲ ಎರಡು ದಿನ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಮೂರನೆಯ ದಿನದಿಂದ ಊರಿನ ಸದ್ದುಗಳು ಬಿಡಿಬಿಡಿಯಾಗಿ ಕೇಳತೊಡಗಿದವು. ಹಿಟ್ಟಿನ ಗಿರಣಿ, ಕೊಟ್ಟಿಗೆಯ ಎಮ್ಮೆ, ಪಕ್ಕದ ಮನೆಯ ಬಾಗಿಲ ಕಿರುಗುಟ್ಟು. ರೇಣುಕಾ ಹಾರ್ಮೋನಿಯಮ್ ಎಳೆದುಕೊಂಡು ಒಂದೊಂದು ಸದ್ದಿಗೂ ಪಟ್ಟಿ ಹುಡುಕುವ ಆಟ ಹೂಡಿದಳು. ಸಿಕ್ಕಿದ್ದನ್ನು ಪಾಟಿಯ ಮೇಲೆ ಬರೆದು ನನಗೆ ತೋರಿಸುತ್ತಿದ್ದಳು. ನಾನೂ ಒತ್ತಿ ನೋಡಿ ತಲೆಯಾಡಿಸುತ್ತಿದ್ದೆ. ಒಂದೂ ತಪ್ಪಿರುತ್ತಿರಲಿಲ್ಲ.

ಒಂದು ಮಧ್ಯಾಹ್ನ ನೀಲವ್ವ ಹಿತ್ತಲಿನಲ್ಲಿ ಯಾರೊಡನೆಯೋ ಮಾತಾಡುತ್ತಿದ್ದರು. ಹುಡುಗಿ ಬಹಳ ಹೊತ್ತು ಕಿವಿಗೊಟ್ಟು ಪಟ್ಟಿ ಹುಡುಕಿದಳು. ಆಮೇಲೆ ಬರೆದಳು: "ಅಜ್ಜಿ ಮಾತು ಮುಗಿಯೋ ಕಡೆ ಬಿಳಿ ನಾಲ್ಕು." ಅದರ ಕೆಳಗೆ ಇನ್ನೊಂದು ಸಾಲು: "ನಂದೂ ಅಲ್ಲೇ ಇತ್ತಲ್ರಿ?"

ಪಾಟಿ ಇಸಿದುಕೊಂಡು, "ಹೌದು. ತಪ್ಪು ನಂದು" ಎಂದು ಬರೆದುಕೊಟ್ಟೆ. ಅವಳು ಅದನ್ನು ಓದಿ ನನ್ನ ಮುಖ ನೋಡಿದಳು. ಅಂಗೈಯಿಂದ ಒರೆಸಿ, "ಗಿರಣಿ ಕಪ್ಪು ಎರಡು" ಎಂದು ಬರೆದು ನನ್ನ ಕಡೆ ಹಿಡಿದಳು. ನನ್ನ ಸರ್ವೀಸಿನಲ್ಲಿ ನನಗೆ ಸಿಕ್ಕ ಕ್ಷಮೆಗಳಲ್ಲಿ ಅಷ್ಟು ದೊಡ್ಡದು ಇನ್ನೊಂದಿಲ್ಲ.

ಗುರುಬಸಪ್ಪ ಮಾಸ್ತರರು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ವಾಪಸಾದರು. ನಡೆದದ್ದನ್ನೆಲ್ಲ ಹೇಳಿ, ಇನ್ನು ಮೇಲೆ ಕ್ಲಾಸಿಗೆ ಬರುವುದಿಲ್ಲ ಎಂದೆ.

"ಕುಂದ್ರಿ" ಎಂದರು. "ನಾ ಯಾಕ ಹಾಡಂಗಿಲ್ಲ, ಗೊತ್ತೈತೇನ್ರಿ ನಿಮಗ?"

"ಇಲ್ರಿ."

"ನಮ್ಮ ಗುರುಗಳದು ಎತ್ತರದ ದನಿ. ಅವರ ಪಟ್ಟಿ ಹಿಡದ್ರನಾ ಅವರ ಶಿಷ್ಯಾ ಅಂತ ನನಗ ಹಟ. ಅವರು ಬ್ಯಾಡ ಅಂದ್ರೂ ಕೇಳಲಿಲ್ಲ. ಎರಡು ವರ್ಷದಾಗ ದನಿ ಹೋತು. ತೋರಸಾಕ ಆಗ ಯಾವ ಡಾಕ್ಟರೂ ಇರಲಿಲ್ಲ. ಹಾಡೂದು ಹೋತು, ಕೇಳೂದು ಉಳೀತು. ಅದಕ್ಕ ಮಂದೀಗೆ ದಾರಿ ಕೇಳ್ಕೋಂತ ಕುಂತೇನಿ." ಆಮೇಲೆ ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ನನ್ನ ಕಡೆ ತಳ್ಳಿದರು. "ನೀವು ಬಿಟ್ರ ಆ ಹುಡುಗೀನ್ನ ಯಾರು ಮ್ಯಾಲ ತರ್ತಾರ? ಕೆಡಿಸಿದವರಿಗೇ ದಾರಿ ಗೊತ್ತಿರ್ತದ. ಬರ್ರಿ ಭಾನುವಾರ."

ಅವರಂಥ ಮೇಲಧಿಕಾರಿ ಎಲ್ಲರಿಗೂ ಸಿಗಲಿ ಎಂದು ಹಾರೈಸುತ್ತೇನೆ. ತಪ್ಪು ಮಾಡಿದವಳ ಕೈಯಲ್ಲೇ ಅದನ್ನು ಸರಿಮಾಡಿಸಿದರು.

ಮೂರು ವಾರದ ಮೇಲೆ ಡಾಕ್ಟರರು ಒಪ್ಪಿಗೆ ಕೊಟ್ಟಾಗ ನಾವು ಮೊದಲು ಮಾಡಿದ್ದು ಹಾಡಲ್ಲ. ಲೋಟದ ನೀರಿನಲ್ಲಿ ನಳಿಗೆ ಅದ್ದಿ, ಒಂದೇ ಸ್ವರ ಹಿಡಿದು ಗುಳುಗುಳು ಮಾಡುವುದು. ಅದನ್ನು ಡಾಕ್ಟರರೇ ಹೇಳಿಕೊಟ್ಟಿದ್ದರು. ಆಮೇಲೆ ಬಾಯಿ ಮುಚ್ಚಿ ಮೂಗಿನಲ್ಲಿ ಗುಂಯ್ ಎನ್ನುವುದು. ಆಮೇಲೆ ಕುದುರೆಯ ಹಾಗೆ ತುಟಿ ಅದುರಿಸುತ್ತ ಸ್ವರ ಏರಿ ಇಳಿಯುವುದು. ದಿನಕ್ಕೆ ಹತ್ತು ನಿಮಿಷ, ಒಂದು ನಿಮಿಷ ಹೆಚ್ಚಿಲ್ಲ. ಸಾ ಮತ್ತೆ ಬಿಳಿ ನಾಲ್ಕಕ್ಕೆ ಬಂತು. ಅಲ್ಲಿಂದ ಕೆಳಗಿನ ಸ್ವರಗಳನ್ನು ಮೊದಲು ಗಟ್ಟಿ ಮಾಡಿಕೊಂಡೆವು, ಮೇಲಕ್ಕೆ ಅರ್ಧರ್ಧ ಹೆಜ್ಜೆ ಇಟ್ಟೆವು. ಮೆಲ್ಲಗೆ ಹಾಡಲು ಬಂದ ಸ್ವರ ಮಾತ್ರ ನಮ್ಮದು, ಕೂಗಿದರೆ ಮಾತ್ರ ಬರುವ ಸ್ವರ ಇನ್ನೂ ನಮ್ಮದಾಗಿಲ್ಲ ಎಂದು ನಿಯಮ ಮಾಡಿಕೊಂಡೆವು. ಮರುವರ್ಷದ ಮಳೆಗಾಲದ ಹೊತ್ತಿಗೆ ರೇಣುಕಾ ಮೇಲಿನ ಸಾ ಮುಟ್ಟಿ, ಅದನ್ನೂ ದಾಟಿ ಎರಡು ಸ್ವರ ಹೋಗಿ ಬರುತ್ತಿದ್ದಳು. ಗದ್ದ ಏಳುತ್ತಿರಲಿಲ್ಲ, ಹೆಗಲೂ ಏಳುತ್ತಿರಲಿಲ್ಲ. ಎಳೆದು ಏರಿಸಿದಾಗ ಹರಿದ ದನಿ, ಅದರ ಜಾಗದಲ್ಲಿ ಬಿಟ್ಟಾಗ ತಾನಾಗಿ ಬೆಳೆಯಿತು.

ಅವಳು ಸ್ಪರ್ಧೆಗಳಿಗೆ ಮತ್ತೆ ಹೋಗಲಿಲ್ಲ. ಈಗ ಒಂದು ಹಳ್ಳಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ದಿನಕ್ಕೆ ಐದಾರು ಪಿರಿಯಡ್ಡು ಮಾತಾಡಿ ಸಂಜೆ ಫೋನ್ ಮಾಡಿದರೂ ದನಿಯಲ್ಲಿ ದಣಿವಿರುವುದಿಲ್ಲ. "ಅಕ್ಕೋರ" ಎಂದು ಅವಳು ಎತ್ತಿಕೊಳ್ಳುವ ಒಂದು ಮಾತಿನಲ್ಲೇ ನನಗೆ ಎಲ್ಲ ತಿಳಿಯುತ್ತದೆ.

ಆ ದಸರೆಯ ರಜೆ ಮುಗಿದು ಹಾವೇರಿಯ ಶಾಲೆ ತೆರೆದಾಗ ಪ್ರಾರ್ಥನೆಯ ಪಟ್ಟಿಯನ್ನೂ ಇಳಿಸಿದೆ. ಮುಖ್ಯೋಪಾಧ್ಯಾಯಿನಿಯವರಿಗೆ ಹೇಳಲಿಲ್ಲ, ಹೇಳಿದ್ದರೆ ಬೇಡ ಎನ್ನುತ್ತಿದ್ದರು. ಮೊದಲು ಬಾಯಿ ಮಾತ್ರ ಆಡಿಸುತ್ತಿದ್ದ ಹುಡುಗಿಯರೆಲ್ಲ ಅವತ್ತು ಹಾಡಿದರು. ಹಿಂದಿನ ಸಾಲಿನ ಶಿಕ್ಷಕಿಯರು ಹಾಡಿದರು. ಗೇಟಿನಲ್ಲಿದ್ದ ಕಾವಲುಗಾರನೂ ಹಾಡಿದನಂತೆ. ಪ್ರಾರ್ಥನೆ ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕರೆದು, "ಇವತ್ತು ಭಾಳ ಜೋರಾತಲ್ರಿ! ಏನ್ ಮಾಡಿದ್ರಿ?" ಎಂದರು.

"ಸ್ವಲ್ಪ ಕೆಳಗ ಇಳಿಸೇನ್ರಿ."

"ಇಳಿಸಿದ್ರ ಜೋರು ಹ್ಯಾಂಗಾಗ್ತದ?" ಎಂದು ಹುಬ್ಬು ಗಂಟಿಕ್ಕಿದವರು ಆಮೇಲೆ ತಾವೇ ನಕ್ಕು, "ಹೋಗ್ಲಿ, ಹಿಂಗಾ ಇರ್ಲಿ. ನಾನೂ ಹಾಡಿದೆ ಇವತ್ತು" ಎಂದರು.

ಈಗ ಕಲಿಯುವ ರೀತಿ ಬದಲಾಗಿದೆ. ನಾವು ತಂಬೂರಿಯ ತಂತಿ ಹೊಂದಿಸುವುದರಲ್ಲೇ ಅರ್ಧ ತಾಸು ಕಳೆಯುತ್ತಿದ್ದೆವು. ಈಗ ಮೊಬೈಲಿನಲ್ಲಿ ತಂಬೂರಿ ಇದೆ, ಬೇಕಾದ ಶ್ರುತಿಗೆ ಒಂದು ಬೆರಳು ಸಾಕು. ಇದನ್ನು ಹಳಿಯುವ ಹಳಬರ ಗುಂಪಿಗೆ ನಾನು ಸೇರಿದವಳಲ್ಲ. ನಮ್ಮ ದನಿಯನ್ನು ನಾವೇ ರೆಕಾರ್ಡ್ ಮಾಡಿ ಕೇಳುವ ಭಾಗ್ಯ ನಮಗೆ ಇರಲಿಲ್ಲ. ಅದಿದ್ದಿದ್ದರೆ ರೇಣುಕಾಳ ದನಿ ವಾರವಾರ ಒಣಗುತ್ತ ಬಂದದ್ದು ನನ್ನ ಕಿವಿಗೆ ಬೀಳುತ್ತಿತ್ತೇನೋ. ಕಲಿಯಲು ಬಂದ ಇನ್ನೊಬ್ಬ ಹುಡುಗಿ, "ನನ್ನ ರೇಂಜ್ ಮೂರು ಸಪ್ತಕ ಅಂತ ಆ್ಯಪ್ ಹೇಳಾಕತ್ತೇತ್ರಿ" ಎಂದಳು. "ಅದರಾಗ ಎಷ್ಟು ಸ್ವರದ ಮ್ಯಾಲ ನೀ ಮೆಲ್ಲಕ ಒಂದು ಮಾತು ಹೇಳಬಲ್ಲಿ?" ಎಂದು ಕೇಳಿದೆ. ಕುಳಿತು ಎಣಿಸಿದೆವು. ಒಂಬತ್ತು ಬಂತು. ಅವಳು ಸಪ್ಪಗಾಗಲಿಲ್ಲ. "ಹಂಗಾರ ಒಂಬತ್ತರಿಂದ ಶುರು ಮಾಡೂಣ್ರಿ" ಎಂದಳು. ಈಗಿನವರ ಈ ನೇರ ಗುಣ ನನಗೆ ಹಿಡಿಸುತ್ತದೆ.

ಬ್ಯಾಡಗಿಯ ದ್ಯಾಮಣ್ಣನ ಸಂಗತಿಯನ್ನು ಹೇಳಲೇಬೇಕು. ನಿವೃತ್ತಿಗೆ ಮುಂಚಿನ ವರ್ಷ ಅಲ್ಲಿನ ಒಂದು ಗುಡಿಯ ಪಕ್ಕದ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಪಾಠ ಶುರುಮಾಡಿದ್ದೆ. ಒಮ್ಮೆ ಮಕ್ಕಳೆಲ್ಲ ಹೋದ ಮೇಲೆ ಬಾಗಿಲಲ್ಲಿ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ನಿಂತಿದ್ದ. ಐವತ್ತು ದಾಟಿದ ವಯಸ್ಸು, ಹೆಗಲ ಮೇಲೆ ಕೆಂಪಾದ ಟವೆಲು. ಅವನು ಒಳಗೆ ಬರುವ ಮೊದಲೇ ನನಗೆ ಸೀನು ಬಂತು. ಮೆಣಸಿನಕಾಯಿ ಮಾರುಕಟ್ಟೆಯ ಹಮಾಲ.

"ದೊಡ್ಡವರಿಗೂ ಹೇಳಿಕೊಡ್ತೀರೇನ್ರಿ?"

"ಹೇಳಿಕೊಡ್ತೇನಿ. ಯಾರಿಗೆ?"

"ನನಗರೀ" ಎಂದು ನೆಲ ನೋಡಿದ.

ಕುಳ್ಳಿರಿಸಿ ಮಾತಾಡಿಸಿದೆ. ಅವರ ಓಣಿಯಲ್ಲಿ ಸೋಮವಾರ ಸಂಜೆ ಭಜನೆ. ಮೂವತ್ತು ವರ್ಷ ಅದನ್ನು ಮುಂದೆ ನಿಂತು ಹಾಡಿದವನು ದ್ಯಾಮಣ್ಣನ ಅಣ್ಣ ಫಕ್ಕೀರಪ್ಪ. ತಾನೇ ಹಾರ್ಮೋನಿಯಮ್ ನುಡಿಸುತ್ತ ಕಪ್ಪು ಮೂರರಲ್ಲಿ ಹಾಡುತ್ತಿದ್ದನಂತೆ, ಸ್ಟೇಶನ್ನಿನವರೆಗೆ ಕೇಳುವ ಕಂಠ. ದ್ಯಾಮಣ್ಣ ಅವನ ಪಕ್ಕದಲ್ಲಿ ಕುಳಿತು ತಾಳ ಹಾಕುತ್ತಿದ್ದ.

"ಒಮ್ಮಿ ಹುರುಪಿನಾಗ ನಾನೂ ಬಾಯಿ ತಗದೆ. 'ನೀ ತಾಳಾ ಹಾಕು ಸಾಕು' ಅಂದ ಅಣ್ಣ. ಮತ್ತ ತಗೀಲಿಲ್ಲರಿ. ಖರೇನ ಕಪ್ಪಿ ಒದರಿದಂಗ ಬರ್ತದ ನನ್ನ ದನಿ."

ಆರು ತಿಂಗಳ ಹಿಂದೆ ಫಕ್ಕೀರಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಿತ್ತು, ಮಾತು ನಿಂತಿತು. ಸೋಮವಾರ ಜನ ಸೇರುತ್ತಾರೆ, ಮುಂದೆ ಹಾಡುವವರು ಯಾರೂ ಇಲ್ಲ. ಮೊಬೈಲಿಗೆ ಸ್ಪೀಕರ್ ಹಚ್ಚಿ ಅದರ ಜೊತೆ ಹಾಡುತ್ತಾರೆ.

"ಮೊಬೈಲ್ ಹಚ್ಚಿದ ಕೂಡ್ಲೆ ಅಣ್ಣ ಎದ್ದು ಒಳಗ ಹೋಗ್ತಾನ್ರಿ, ಗ್ವಾಡಿ ಹಿಡ್ಕೊಂಡು. ನನಗ ನೋಡಾಕ ಆಗವಲ್ದು. ಒಂದಾ ಒಂದು ಭಜನಿ ಪದ ಕಲಸ್ರಿ ಅಕ್ಕೋರ. ಪೂರಾ ಹಾಡೂವಂಗ."

ಅವನಿಗೆ ಇದ್ದದ್ದು ಐದು ಸ್ವರ. ಅವೂ ದೂಳು ಹಿಡಿದಿದ್ದವು. ಕೆಲಸದಿಂದ ನೇರ ಬರಬಾರದು, ಮುಖ ಮೂಗು ತೊಳೆದು, ಬಿಸಿನೀರಿನ ಹಬೆ ತೆಗೆದುಕೊಂಡು, ದಣಿವು ಆರಿದ ಮೇಲೆ ಬರಬೇಕು ಎಂದೆ. ಚೀಲ ಹೊರುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿದೆ. ಜೊತೆಯವರು ನಕ್ಕರಂತೆ, ಅವನು ಕಟ್ಟಿಕೊಂಡ. ಸಾ ಬಿಳಿ ಒಂದಕ್ಕೆ ನಿಂತಿತು. ಅಣ್ಣನ ಪಟ್ಟಿಗಿಂತ ಆರು ಪಟ್ಟಿ ಕೆಳಗೆ. ಆಳವಾದ, ಒರಟಾದ, ಸುಳ್ಳಿಲ್ಲದ ದನಿ.

ಉಸಿರಿನ ಪಾಠಕ್ಕೆ ಬಂದಾಗ ಗುರು ಶಿಷ್ಯರು ಅದಲುಬದಲಾದೆವು. ಮಕ್ಕಳಿಗೆ ನಾನು ವರ್ಷಗಟ್ಟಲೆ "ಹೊಟ್ಟೆಯಿಂದ ಉಸಿರು ತಗೊಳ್ರಿ" ಎಂದು ಹೇಳುತ್ತ ಬಂದಿದ್ದೆ. ಅದು ಯಾರಿಗೂ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಬಾಯಿಪಾಠವೇ ಹೆಚ್ಚು. ದ್ಯಾಮಣ್ಣನಿಗೆ ಒಂದು ಸ್ವರವನ್ನು ಆದಷ್ಟು ಹೊತ್ತು ಹಿಡಿ ಎಂದೆ. ಹಿಡಿದ. ನಾನು ಗೋಡೆಯ ಗಡಿಯಾರ ನೋಡಿ ಬೆರಗಾದೆ. ನನ್ನ ಯಾವ ವಿದ್ಯಾರ್ಥಿನಿಯೂ ಅಷ್ಟು ಹೊತ್ತು ಹಿಡಿದಿರಲಿಲ್ಲ.

"ಇದನ್ನ ಎಲ್ಲಿ ಕಲ್ತಿ ದ್ಯಾಮಣ್ಣ?"

"ಕಲಿಯೂದೇನ್ರಿ ಇದರಾಗ? ಚೀಲ ಎತ್ತೂ ಮುಂದ ಉಸಿರು ಕಟ್ಟಿದ್ರ ಸೊಂಟ ಹೋಗ್ತದ. ಪಕ್ಕಡಿ ಅಗಲ ಮಾಡಿ ತಗೊಂಡು, ಸಣ್ಣಗ ಬಿಡ್ಕೋಂತ ನಡೀಬೇಕು. ಮತ್ತ ಹೆಗಲ ಮ್ಯಾಲ ಚೀಲ ಇದ್ದಾಗ ಹೆಗಲು ಎತ್ತಾಕ ಬರ್ತದೇನ್ರಿ? ಉಸಿರು ಕೆಳಗಾ ಹೋಗಬೇಕು, ಬ್ಯಾರೆ ಜಾಗಾನ ಇಲ್ಲ."

ಮುಂದಿನ ಶನಿವಾರ ಅವನನ್ನು ಮಕ್ಕಳ ಪಾಠದ ಹೊತ್ತಿಗೇ ಕರೆಸಿದೆ. ಹುಡುಗಿಯರ ಎರಡೂ ಹೆಗಲಿನ ಮೇಲೆ ಅವರವರ ಪುಸ್ತಕದ ಚೀಲ ಇಡಿಸಿ, "ಈಗ ಉಸಿರು ತಗೋರಿ ನೋಡೂಣು" ಎಂದ. ಮೂವತ್ತು ವರ್ಷ ನಾನು ಹೇಳಿ ಸೋತದ್ದು ಐದು ನಿಮಿಷದಲ್ಲಿ ಅವರ ಮೈಗೆ ಹತ್ತಿತು. ಹೆಗಲು ಏಳಲಿಲ್ಲ, ಪಕ್ಕೆಗಳು ಬಿಚ್ಚಿಕೊಂಡವು. ನಾನು ಅವನಿಗೆ ಕೈಮುಗಿದೆ. ಅವನು ಗಾಬರಿಯಾಗಿ, "ಹಂಗ್ ಮಾಡಬ್ಯಾಡ್ರಿ ಅಕ್ಕೋರ" ಎಂದು ಹೊರಗೇ ಹೋಗಿಬಿಟ್ಟ.

ಐದು ಸ್ವರ ಏಳಾಗಲು ನಾಲ್ಕು ತಿಂಗಳು ಹಿಡಿಯಿತು. ಮೇಲಿನ ಸಾ ಬರಲು ಇನ್ನೂ ನಾಲ್ಕು. ಒಂದು ಶನಿವಾರವೂ ತಪ್ಪಿಸಲಿಲ್ಲ. ಸುಗ್ಗಿಯಲ್ಲಿ ಮಾರುಕಟ್ಟೆ ಕೆಂಪು ಕಡಲಾದಾಗಲೂ ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಬರುತ್ತಿದ್ದ. ಪದ ಪೂರ್ತಿ ಕೂತ ಮೇಲೆ, "ಈ ಸೋಮವಾರ ಹಾಡ್ತೇನ್ರಿ. ನೀವೂ ಬರಬೇಕು" ಎಂದ.

ಹೋದೆ. ಸಂಜೆ ಇಳಿಹೊತ್ತು, ಮನೆಯ ಮುಂದಿನ ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಸೇರಿದ್ದರು. ಗೋಡೆಗೆ ಒರಗಿ ಕುರ್ಚಿಯಲ್ಲಿ ಫಕ್ಕೀರಪ್ಪ ಕುಳಿತಿದ್ದ. ಬಿಳಿ ಮೀಸೆ, ತೊಡೆಯ ಮೇಲೆ ಸತ್ತಂತೆ ಬಿದ್ದ ಬಲಗೈ. ಅವನ ಹಾರ್ಮೋನಿಯಮ್ ಈಗ ಶಿವಣ್ಣ ಎನ್ನುವವನ ಮುಂದಿತ್ತು. ಸ್ಪೀಕರ್ ಹಚ್ಚಲು ಹೋದವನನ್ನು ತಡೆದು ದ್ಯಾಮಣ್ಣ, "ಇವತ್ತು ನಾ ಒಂದು ಹಾಡ್ತೇನಿ" ಎಂದ. ಒಬ್ಬಿಬ್ಬರು ನಕ್ಕರು. ಫಕ್ಕೀರಪ್ಪ ತಮ್ಮನನ್ನು ನೋಡಿದ. ಆ ಮುಖದಲ್ಲಿ ಏನಿತ್ತೆಂದು ನನಗೆ ತಿಳಿಯಲಿಲ್ಲ.

"ಬಿಳಿ ಒಂದು ಕೊಡು ಶಿವಣ್ಣ" ಎಂದ ದ್ಯಾಮಣ್ಣ.

"ಬಿಳಿ ಒಂದಾ? ಈ ಕಟ್ಟಿ ಮ್ಯಾಲ ಕಪ್ಪು ಮೂರು ಬಿಟ್ಟು ಬ್ಯಾರೆ ಹಚ್ಚಿಲ್ಲ. ನಿಮ್ಮಣ್ಣನ ಮುಂದ ಅವನ ಪಟ್ಟಿ ಇಳಸ್ತೀಯೇನು?" ಎಂದ ಶಿವಣ್ಣ. ಅವನ ಮಾತಿನಲ್ಲಿ ಕೆಟ್ಟದ್ದೇನಿರಲಿಲ್ಲ, ಅದು ಫಕ್ಕೀರಪ್ಪನ ಮೇಲಿನ ಗೌರವ. ಉಳಿದವರೂ ಹೌದು ಹೌದು ಎಂದರು. ನಾನು ಎದ್ದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ದ್ಯಾಮಣ್ಣ, ಅಣ್ಣನ ಮುಂದೆ ವಾದ ಬೇಡವೆಂದೋ ಏನೋ, ಕಪ್ಪು ಮೂರರಲ್ಲೇ ಎತ್ತಿಕೊಂಡ. ಮೊದಲ ಸಾಲು ಹೇಗೋ ದಾಟಿತು. ಎರಡನೆಯದರ ಏರಿನಲ್ಲಿ ಗಂಟಲು ಕಟ್ಟಿತು. ಕೆಮ್ಮಿದ, ಮತ್ತೆ ಹಿಡಿದ, ಮತ್ತೆ ಕಟ್ಟಿತು. ಕೈಯಲ್ಲಿನ ತಾಳಗಳನ್ನು ಕೆಳಗಿಟ್ಟು ತಲೆ ತಗ್ಗಿಸಿದ. ಯಾರೋ ಮೊಬೈಲಿಗೆ ಕೈ ಹಾಕಿದರು.

ಫಕ್ಕೀರಪ್ಪ ಕುರ್ಚಿಯ ತೋಳು ಹಿಡಿದು ಎದ್ದ. ಎಂದಿನಂತೆ ಒಳಗೆ ಹೋಗುತ್ತಾನೆ ಎಂದು ಎಲ್ಲರೂ ಸರಿದು ದಾರಿ ಬಿಟ್ಟರು. ಅವನು ಒಳಗೆ ಹೋಗಲಿಲ್ಲ. ಕಾಲೆಳೆಯುತ್ತ ಹಾರ್ಮೋನಿಯಮ್ಮಿನ ಹತ್ತಿರ ಬಂದು, ಶಿವಣ್ಣನ ಹೆಗಲಿಗೆ ಊರಿ ಕಷ್ಟಪಟ್ಟು ಕುಳಿತ. ಪಟ್ಟಿಗಳ ಮೇಲಿದ್ದ ಶಿವಣ್ಣನ ಕೈಯನ್ನು ಎಡಗೈಯಿಂದ ಸರಿಸಿ, ಗಾಳಿ ಹಾಕು ಎಂದು ಕಣ್ಣಿನಲ್ಲೇ ತೋರಿಸಿದ. ಆ ಎಡಗೈಯ ತೋರುಬೆರಳು ಕಪ್ಪು ಮೂರನ್ನು ಒತ್ತಿತು. ತಮ್ಮನ ಮುಖ ನೋಡಿದ. ಒಂದು ಪಟ್ಟಿ ಕೆಳಗೆ ಬಂದ, ಮತ್ತೆ ನೋಡಿದ. ಇನ್ನೊಂದು. ದ್ಯಾಮಣ್ಣನಿಗೆ ಆಗ ತಿಳಿಯಿತು. ಬಾಯಿ ಮುಚ್ಚಿಕೊಂಡೇ ಮೆಲ್ಲಗೆ ಗುಂಯ್ ಎನ್ನತೊಡಗಿದ. ಅಣ್ಣನ ಬೆರಳು ಆ ದನಿಯನ್ನು ಹುಡುಕುತ್ತ ಒಂದೊಂದೇ ಪಟ್ಟಿ ಇಳಿದು ಬಂತು. ಮೂವತ್ತು ವರ್ಷ ಬಿಟ್ಟುಕೊಡದ ಎತ್ತರವನ್ನು ಅಷ್ಟು ಜನರ ಮುಂದೆ ಅವನೇ ಇಳಿಯುತ್ತಿದ್ದ. ಬಿಳಿ ಒಂದರ ಮೇಲೆ ಎರಡು ದನಿ ಕೂಡಿದವು. ಬೆರಳು ನಿಂತಿತು. ಫಕ್ಕೀರಪ್ಪ ತಮ್ಮನ ಕಡೆ ಗದ್ದ ಎತ್ತಿ, ಹಾಡು ಎಂದು ಸನ್ನೆ ಮಾಡಿದ.

ದ್ಯಾಮಣ್ಣ ತಾಳಗಳನ್ನು ಎತ್ತಿಕೊಳ್ಳಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟು, ಪಕ್ಕೆ ತುಂಬ ಉಸಿರು ತೆಗೆದುಕೊಂಡು ಹಾಡಿದ. ಎರಡನೆಯ ಸಾಲಿನ ಏರು ಬಂತು, ಹತ್ತಿದ. ಮೇಲಿನ ಸಾ ಬಂತು, ಅಲ್ಲಿ ನಿಂತ. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ದನಿಗೂಡಿಸಿದರು; ಅವರಲ್ಲೂ ಹಲವರಿಗೆ ಅದು ಸುಲಭದ ಎತ್ತರವಾಗಿತ್ತು. ಫಕ್ಕೀರಪ್ಪ ಕಣ್ಣು ಮುಚ್ಚಿದ್ದ. ಪದ ಮುಗಿಯುವವರೆಗೆ ಅವನ ಬೆರಳು ಆ ಪಟ್ಟಿಯ ಮೇಲಿಂದ ಏಳಲಿಲ್ಲ.